ಪಹಣಿ ಅಜ್ಜನ ಹೆಸರಲ್ಲೇ ಇದ್ರೆ ಕಿಸಾನ್ ಸಮ್ಮಾನ್, ಬೆಳೆವಿಮೆ ನಮಗೆ ಸಿಗತ್ತಾ?

ತೋಟದಮನೆ, ಶಿರಸಿ:
ಎಲ್ಲರಿಗೂ ನಮಸ್ಕಾರ. ನಮ್ದು ಒಂದೂವರೆ ಎಕರೆ ಅಡಕೆ ತೋಟ, ಮಧ್ಯೆ ಕಾಳುಮೆಣಸು. ಅಜ್ಜ ತೀರ್ಕೊಂಡು 8 ವರ್ಷ ಆಯ್ತು, ಪಹಣಿ ಇನ್ನೂ ಅವರ ಹೆಸರಲ್ಲೇ ಇದೆ. ಅಪ್ಪಯ್ಯನೂ ಇಲ್ಲ, ತೋಟ ನೋಡೋದು ಆಯಿ (ಅಮ್ಮ) ಮತ್ತೆ ನಾನು. ದೊಡ್ಡಪ್ಪ ಬೆಂಗಳೂರಲ್ಲಿ, ಅತ್ತೆಯಂದಿರು ಇಬ್ರು. ಕಳೆದ ಮಳೆಗಾಲ ಮರ ಹತ್ತೋ ಕೊನೆಗೌಡನ್ನ ಹಿಡ್ದು ಎರಡು ಸಲ ಬೋರ್ಡೋ ಔಷಧಿ ಹೊಡೆಸಿದ್ರೂ ಕೊಳೆರೋಗ ಬಿಡ್ಲಿಲ್ಲ, ಬೆಳಗ್ಗೆ ಹೋದ್ರೆ ಹಸಿ ಅಡಕೆ ಬಿಳಿ ಬೂಸ್ಟು ಹಿಡ್ಕೊಂಡು ಬುಡದ ತುಂಬ ಬಿದ್ದಿರ್ತಿತ್ತು, ಆಯಿ ಮಾತೇ ಆಡ್ದೆ ಬುಟ್ಟಿಗೆ ಹೆಕ್ತಿದ್ರು. ಪಕ್ಕದ ತೋಟದವರಿಗೆ ವಿಮೆ ಬಂತು ನಮಗಿಲ್ಲ. ಕಿಸಾನ್ ಸಮ್ಮಾನ್‌ಗೆ ಹೋದ್ರೆ ಎಫ್‌ಐಡಿ (ರೈತರ ಗುರುತಿನ ನಂಬರ್) ಇಲ್ಲ ಅಂತ ವಾಪಸ್ ಕಳ್ಸಿದ್ರು. ಎಲ್ಲಿಂದ ಶುರು ಮಾಡ್ಬೇಕು?

ಸಿದ್ದಾಪುರದವ:
ತಮ್ಮಾ, ಮೊದ್ಲು ಪೌತಿ ಖಾತೆ ಮಾಡ್ಸು, ಅಂದ್ರೆ ತೀರಿಹೋದವರ ಜಮೀನನ್ನ ವಾರಸುದಾರರ ಹೆಸರಿಗೆ ಮಾಡ್ಸೋದು, ಉಳಿದದ್ದೆಲ್ಲ ಆಮೇಲೆ. ಅಜ್ಜಂದು, ಅಪ್ಪಯ್ಯಂದು ಇಬ್ರದ್ದೂ ಮರಣ ಪತ್ರ, ವಂಶವೃಕ್ಷ ತಗೊಂಡು ನಾಡಕಚೇರಿಗೆ ಹೋಗು. ಅತ್ತೆಯಂದಿರ ಹೆಸರೂ ಪಹಣಿಗೆ ಬರತ್ತೆ, ಬರಲೇಬೇಕು, ಅವರ ಹಕ್ಕು ಅದು, ಮುಚ್ಚಿಟ್ಟು ಮಾಡೋಕೆ ಹೋಗ್ಬೇಡ. ಪಹಣಿ ಆದ್ಮೇಲೆ ಆಧಾರ್ ಹಿಡ್ಕೊಂಡು ರೈತ ಸಂಪರ್ಕ ಕೇಂದ್ರಕ್ಕೆ ಹೋದ್ರೆ ಎಫ್‌ಐಡಿ ಮಾಡ್ಕೊಡ್ತಾರೆ. ಕಿಸಾನ್ ಸಮ್ಮಾನ್‌ಗೆ 2019ರ ಫೆಬ್ರವರಿ 1ಕ್ಕೆ ಜಮೀನು ಹೆಸರಲ್ಲಿ ಇರ್ಬೇಕಿತ್ತು ಅಂತ ಯಾರಾದ್ರೂ ಹೆದರ್ಸಿದ್ರೆ ಹೆದರ್ಬೇಡ, ತೀರಿಹೋದವರಿಂದ ವಾರಸುದಾರರಿಗೆ ಬಂದ ಜಮೀನಿಗೆ ಆ ರೂಲ್ ಇಲ್ಲ. ದೊಡ್ಡಪ್ಪ ಇನ್‌ಕಮ್ ಟ್ಯಾಕ್ಸ್ ಕಟ್ಟೋರಾದ್ರೆ ಅವರಿಗೆ ಸಿಗಲ್ಲ, ಅದಕ್ಕೆ ನಿಂದು ನಿಲ್ಲಲ್ಲ. ವರ್ಷಕ್ಕೆ 6000, ಮೂರು ಕಂತು. ರಾಜ್ಯದವರು ಮೇಲಿಂದ ಕೊಡ್ತಿದ್ದ 4000 2023ರಲ್ಲೇ ನಿಂತೋಯ್ತು, ಅದನ್ನ ಲೆಕ್ಕಕ್ಕೆ ಇಟ್ಕೋಬೇಡ.

ಗಜನಿ ಗದ್ದೆ, ಕುಮಟಾ:
ಇನ್ನೊಂದು ಮಾತು, ಯಾವ ಖಾತೆಗೆ ಆಧಾರ್ ಜೋಡಣೆ ಆಗಿದೆ ಅಂತ ಬ್ಯಾಂಕಲ್ಲಿ ಕೇಳಿ. ನಂಗೆ ಮೂರು ಕಂತು ಬರ್ಲೇ ಇಲ್ಲ ಅಂತ ಆಫೀಸಿಗೆ ಅಲ್ದು ಅಲ್ದು ಸಾಕಾಗಿತ್ತು, ಕೊನೆಗೆ ನೋಡಿದ್ರೆ ಯಾವತ್ತೋ ಗ್ಯಾಸ್ ಸಬ್ಸಿಡಿಗೆ ಅಂತ ತೆಗೆದಿದ್ದ ಹಳೇ ಖಾತೆಗೆ ಹೋಗಿ ಕೂತಿತ್ತು. ಪಾಸ್‌ಬುಕ್ ಎಂಟ್ರಿ ಮಾಡ್ಸಿ 6000 ಕಂಡಾಗ ಅಳುನೇ ಬಂತು, ಆ ವರ್ಷ ಉಪ್ಪುನೀರು ನುಗ್ಗಿ ಕಗ್ಗ ಭತ್ತ ಅರ್ಧಕ್ಕರ್ಧ ಹೋಗಿತ್ತು. ಇ-ಕೆವೈಸಿನೂ (ಆಧಾರ್ ಮೂಲಕ ಗುರುತು ಖಾತ್ರಿ) ಮಾಡ್ಸಿ, ಆಯಿ ಬೆರಳಚ್ಚು ಹಿಡೀದಿದ್ರೆ ಮೊಬೈಲಲ್ಲಿ ಮುಖ ತೋರ್ಸಿ ಮಾಡ್ಬಹುದು.

ಮಲೆಗದ್ದೆ, ಯಲ್ಲಾಪುರ:
ವಿಮೆ ಬಗ್ಗೆ ನಾನು ಹೇಳ್ತೆ. ನಮ್ಮ ಅಡಕೆ, ಮೆಣಸಿಗೆ ಇರೋದು ಹವಾಮಾನ ಆಧಾರಿತ ವಿಮೆ. ನಿಮ್ಮ ತೋಟದಲ್ಲಿ ಎಷ್ಟು ಕೊಳೆ ಬಂತು ಅಂತ ಯಾರೂ ಬಂದು ನೋಡಲ್ಲ, ಪಂಚಾಯ್ತಿ ಮಳೆಮಾಪಕದಲ್ಲಿ ಎಷ್ಟು ಮಳೆ ಬಿತ್ತು, ಎಷ್ಟು ದಿನ ಬಿಡ್ದೆ ಹೊಯ್ತು ಅದೇ ಲೆಕ್ಕ. ಆ ಯಂತ್ರ ಕೆಟ್ಟು ಕೂತ್ರೆ ನಮ್ಮ ಗತಿ ಏನು ಹೇಳಿ, ಅದಕ್ಕೆ ಮಳೆಗಾಲಕ್ಕೆ ಮುಂಚೆನೇ ಪಂಚಾಯ್ತಿಲಿ ಕೇಳ್ಬೇಕು. ನಾವು ಕಟ್ಟೋ ವಿಮೆ ಕಂತು ವಿಮಾ ಮೊತ್ತದ ನೂರಕ್ಕೆ 5, ಅಡಕೆಗೆ ಎಕರೆಗೆ ಎರಡೂವರೆ ಸಾವಿರದ ಹತ್ರ, ಸೊಸೈಟಿಲೇ ತುಂಬ್ಬಹುದು. ಪಹಣಿ ಜಂಟಿ ಹೆಸರಲ್ಲಿದ್ರೆ ನಮ್ಮಲ್ಲಿ ಉಳಿದವರ ಒಪ್ಪಿಗೆ ಪತ್ರ ಕೇಳಿದ್ರು. ಬೆಳೆ ಸಮೀಕ್ಷೆಲಿ ಅಡಕೆ ಅಂತ್ಲೇ ಬಂದಿದ್ಯಾ ನೋಡ್ಕೊಳಿ, ನಮ್ಮ ಭಾವಂದು ಬೇರೆ ಬೆಳೆ ಅಂತ ಬಿದ್ದು ಹಣ ಕೈತಪ್ಪಿ ಹೋಯ್ತು.

ತೋಟದಮನೆ, ಶಿರಸಿ:
ತುಂಬಾ ಉಪಕಾರ ಆಯ್ತು. ಈಗಷ್ಟೇ ದೊಡ್ಡತ್ತೆಗೆ ಫೋನ್ ಮಾಡ್ದೆ, ಅಣ್ಣನ ಮಕ್ಳು ತೋಟ ಉಳ್ಸ್ಕೊಂಡ್ರೆ ಸಾಕು, ಎಲ್ಲಿ ಸಹಿ ಬೇಕೋ ಹೇಳು ಬರ್ತೆ ಅಂದ್ರು. ಸೋಮವಾರ ಆಯಿನ ಕರ್ಕೊಂಡು ನಾಡಕಚೇರಿಗೆ ಹೊರಡ್ತೆ.