ಸಹಾಯ ಬೇಕು: ಲಾರಿಯ ಎಕ್ಸ್‌ಟ್ರಾ ಲೈಟ್‌ಗಳಿಗೆ ರಿಲೇನಾ, ಸ್ವಿಚ್ ಪ್ಯಾನೆಲ್ಲಾ?

ನಮಸ್ಕಾರ. ನನ್ನದು 24 ವೋಲ್ಟ್ ಲಾರಿ. ಮುಂದೆ 120 ವ್ಯಾಟ್‌ನ ಎರಡು ಎಲ್‌ಇಡಿ ಬಾರ್, ಎರಡು ಫಾಗ್ ಲ್ಯಾಂಪ್, ಹಿಂದೆ ಒಂದು ವರ್ಕ್ ಲೈಟ್ ಇದೆ. ಮೊದಲು ರಿಲೇ (ಸ್ವಿಚ್‌ನ ಸಣ್ಣ ಕರೆಂಟ್‌ನಿಂದ ಲೈಟ್‌ನ ದೊಡ್ಡ ಕರೆಂಟನ್ನು ಆನ್-ಆಫ್ ಮಾಡುವ ಭಾಗ) ಇಲ್ಲದೆ ಎರಡೂ ಬಾರ್‌ಗೆ ಒಂದೇ ಸ್ವಿಚ್ ಕೊಟ್ಟಿದ್ದೆ. ಲೆಕ್ಕಕ್ಕೆ 10 ಆಂಪ್ ಅಷ್ಟೇ. ಆದರೂ ಸ್ವಿಚ್ ಬಿಸಿಯಾಗಿ, ಹಿಂದಿನ ಪಿನ್ ಹತ್ತಿರ ಪ್ಲಾಸ್ಟಿಕ್ ಕಂದಾಗಿ ಕರಗಿತ್ತು. ನೋಡಿ ಎದೆ ಝಲ್ ಎಂದಿತು.

ಈಗ ಬಾರ್‌ಗಳಿಗೆ ರಿಲೇ, ಫ್ಯೂಸ್ ಹಾಕಿದ್ದೇನೆ. ಬಿಸಿ ನಿಂತಿದೆ. ಆದರೆ ಎಲ್ಲದಕ್ಕೂ ಬೇರೆ ಬೇರೆ ರಿಲೇ ಅಂದರೆ ಡ್ಯಾಶ್‌ಬೋರ್ಡ್ ಕೆಳಗೆ ಬರೀ ವೈರ್‌ಗಳ ಗೋಜಲು. 6 ಬಟನ್ ಸ್ವಿಚ್ ಪ್ಯಾನೆಲ್, ಅದರ ಜೊತೆ ಎಲ್ಲ ಲೈಟನ್ನೂ ನಡೆಸುವ ಒಂದೇ ಕಂಟ್ರೋಲ್ ಬಾಕ್ಸ್ ಆದರೆ ಅಚ್ಚುಕಟ್ಟು, ನಿಜ. ಆದರೆ ರಾತ್ರಿ ದಾರಿಯಲ್ಲಿ ಆ ಬಾಕ್ಸೇ ಕೈಕೊಟ್ಟರೆ ಎಲ್ಲ ಲೈಟೂ ಒಟ್ಟಿಗೆ ಹೋಗುತ್ತೆ ಅಲ್ವಾ? ರಿಲೇ ಆದರೆ ನಾನೇ ಬದಲಿಸಬಹುದು.

24 ವೋಲ್ಟ್ ಗಾಡಿಯಲ್ಲಿ ಇಂಥ ಬಾಕ್ಸ್ ಬಳಸಿದವರು ಹೇಳಿ: ಧೂಳು, ಅದುರುವಿಕೆ ತಡೆಯುತ್ತಾ, ಇಲ್ಲ ರಿಲೇಯಲ್ಲೇ ಇರಲಾ?