ಅಪ್‌ಡೇಟ್: ಬೆಕ್ಕಿನ ಚಿಗಟ, ಮಗಳ ಕಂಕುಳ ಗಡ್ಡೆ

ಹೋದ ತಿಂಗಳು ಕೇಳಿದ್ದೆ ಅಲ್ವಾ, ಬೆಕ್ಕಿನ ಮೈತುಂಬ ಚಿಗಟ, ಮಗಳಿಗೆ ಕಂಕುಳಲ್ಲಿ ಗಡ್ಡೆ, ಸಣ್ಣ ಜ್ವರ, ಎರಡಕ್ಕೂ ಸಂಬಂಧ ಉಂಟಾ ಅಂತ. ಉಂಟು ಮಾರಾಯ್ರೇ! ಇಲ್ಲಿ ಬದಿಯಡ್ಕದಲ್ಲಿ ಬರೀ ಜ್ವರದ ಮಾತ್ರೆ ಸಿಕ್ಕಿತ್ತು, ಮತ್ತೆ ಮಂಗಳೂರಿಗೆ ಕರ್ಕೊಂಡು ಹೋದೆವು, ಡಾಕ್ಟ್ರು ಗಡ್ಡೆಗಿಂತ ಮೊದ್ಲು ಕೈ ನೋಡಿದ್ರು, ಮಣಿಗಂಟಿನ ಹತ್ರ ಎರಡು ವಾರದ ಹಳೇ ಪರಚು ಗಾಯ, ಅದ್ರ ಮೇಲೊಂದು ಕೆಂಪು ಗುಳ್ಳೆ. ಬಾರ್ಟೊನೆಲ್ಲಾ ಅಂತ ಬ್ಯಾಕ್ಟೀರಿಯಾ ಅಂತೆ. ಚಿಗಟದ ಹಿಕ್ಕೆಯಲ್ಲಿರ್ತದೆ, ಬೆಕ್ಕು ಮೈ ಕೆರ್ಕೊಂಡಾಗ ಉಗುರಿಗೆ ಹತ್ತಿ ಪರಚಿದಾಗ ನಮಗೆ ಬರ್ತದೆ. ಬೆಕ್ಕಿಗೆ ಏನೂ ಆಗಿರುವುದಿಲ್ಲ, ಅದು ಆರಾಮ. ಅಜಿಥ್ರೊಮೈಸಿನ್ ಅಂತ ಆಂಟಿಬಯಾಟಿಕ್ 5 ದಿನ ಕೊಟ್ರು, ಗಡ್ಡೆ ಈಗ ಕಡ್ಲೆಯಷ್ಟು ಉಳಿದಿದೆ.

ಬೆಕ್ಕಿನ ರೋಮದ ಕಪ್ಪು ಪುಡಿಯನ್ನು ಒದ್ದೆ ಬಿಳಿ ಕಾಗದದ ಮೇಲೆ ಉಜ್ಜಿದೆ, ಕೆಂಪು ಕಲೆಯಾಯ್ತು, ಮಣ್ಣಲ್ಲ, ಚಿಗಟದ ಹಿಕ್ಕೆ, ಅಂದ್ರೆ ಜೀರ್ಣವಾದ ರಕ್ತ. ಬಾಲದ ಕೆಳಗೆ ಅಕ್ಕಿಕಾಳಿನ ಹಾಗೆ ಅಂಟಿದ್ದದ್ದು ಲಾಡಿಹುಳದ ತುಂಡು, ಚಿಗಟ ನುಂಗಿದ್ರೆ ಬರುವುದು (ಮಕ್ಕಳಿಗೂ ಹಾಗೇ), ಅದಕ್ಕೆ ಪ್ರಾಜಿಕ್ವಾಂಟೆಲ್ ಅಂತ ಹುಳದ ಔಷಧಿ.

ಬೆಕ್ಕಿಗೆ ನಾಯಿಯ ಚಿಗಟದ ಡ್ರಾಪ್ಸ್ ಹಾಕಿ ಅಂದವ್ರಿಗೆ: ಪರ್ಮೆಥ್ರಿನ್ ಅಂತ ಕೀಟನಾಶಕ ಇರುವುದು ಬೆಕ್ಕಿಗೆ ವಿಷ, ವೆಟ್ ಡಾಕ್ಟ್ರು ಬೈದ್ರು, ಪುಣ್ಯಕ್ಕೆ ಹಾಕಿರಲಿಲ್ಲ. ಬೆಕ್ಕಿನದ್ದೇ ಬೇರೆ ಔಷಧಿ ಹಾಕಿದ ಮೇಲೂ ಚಾಪೆಯಿಂದ ಹೊಸ ಚಿಗಟ ಹಾರ್ತಾ ಉಂಟು, ರೇಷ್ಮೆಗೂಡಿನ ಹಾಗಿನ ಕೋಶದೊಳಗಿದ್ದದ್ದು ವಾರಗಟ್ಟಲೆ ಕಾದು ಹೊರಗೆ ಬರ್ತದಂತೆ. ಇಲಿಚಿಗಟದಿಂದ ಟೈಫಸ್ ಅಂತ ಜ್ವರ (ಟೈಫಾಯ್ಡ್ ಅಲ್ಲ) ಬರುವುದೂ ಉಂಟು ಅಂದ್ರು, ಹಾಗಾಗಿ ಇಲಿ ಸೇರ್ಬಾರ್ದು ಅಂತ ಅಡಿಕೆ ಇಡುವ ಅಟ್ಟ ಖಾಲಿ ಮಾಡ್ತಾ ಇದ್ದೇವೆ. ಅಜ್ಜಿ ಮಾತ್ರ ಬೆಕ್ಕನ್ನು ಮಡಿಲಿಂದ ಇಳಿಸಿಲ್ಲ.