ಇಂಗ್ಲಿಷ್ ಪದಕ್ಕೆ ಯಾವ ಪ್ರಿಪೊಸಿಷನ್ ಹೊಂದುತ್ತದೆ? ನಿವೃತ್ತ ಇಂಗ್ಲಿಷ್ ಉಪನ್ಯಾಸಕಿಯೊಂದಿಗೆ ಪ್ರಶ್ನೋತ್ತರ

ಪ್ರಶ್ನೆ (ಸಿಂಧನೂರು ತಾಲ್ಲೂಕಿನ ಶಾಲಾ ಶಿಕ್ಷಕರು): ಮೇಡಂ ಅವರಿಗೆ ನಮಸ್ಕಾರಗಳು. ನಮ್ಮ ಊರು ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಭಾಗದಲ್ಲಿದೆ. 2024ರ ಆಗಸ್ಟ್ ತಿಂಗಳಲ್ಲಿ ಜಲಾಶಯದ 19ನೇ ಕ್ರೆಸ್ಟ್ ಗೇಟ್ ಕೊಚ್ಚಿಹೋದದ್ದನ್ನು ಪ್ರಸ್ತಾಪಿಸಿ, ರೈತರ ಪರವಾಗಿ ಇಂಗ್ಲಿಷಿನಲ್ಲಿ ಒಂದು ಮನವಿ ಬರೆದುಕೊಟ್ಟೆ. ಅದನ್ನು ಓದಿದ ಹಿರಿಯರೊಬ್ಬರು ನಾಲ್ಕು ಕಡೆ ಗೆರೆ ಎಳೆದರು: ‘ವಿ ಡಿಸ್ಕಸ್ಡ್ ಅಬೌಟ್ ದ ಶಾರ್ಟೇಜ್’, ‘ವಿ ರಿಕ್ವೆಸ್ಟ್ ಫಾರ್ ವಾಟರ್’, ‘ಡ್ಯಾಮೇಜ್ ಆಫ್ ದ ಗೇಟ್’, ಕೊನೆಯಲ್ಲಿ ‘ಲುಕಿಂಗ್ ಫಾರ್ವರ್ಡ್ ಟು ಹಿಯರ್ ಫ್ರಮ್ ಯು’. ‘ಎ ಡಿಸ್ಕಷನ್ ಅಬೌಟ್’ ಎಂಬುದು ಸರಿಯಾದರೆ ‘ಡಿಸ್ಕಸ್ ಅಬೌಟ್’ ಏಕೆ ತಪ್ಪು ಎಂಬುದು ನನಗೆ ತಿಳಿಯುತ್ತಿಲ್ಲ. ದಯವಿಟ್ಟು ವಿವರಿಸಬೇಕು.

ಉತ್ತರ: ನಮಸ್ಕಾರ ಗುರುಗಳೇ. ನಿಮ್ಮ ಕೊನೆಯ ವಾಕ್ಯದಲ್ಲಿಯೇ ಇಡೀ ವಿಷಯದ ತಿರುಳಿದೆ, ಆದ್ದರಿಂದ ಅದನ್ನೇ ಮೊದಲು ಎತ್ತಿಕೊಳ್ಳುತ್ತೇನೆ.

ಕನ್ನಡದಲ್ಲಿ ‘ನೀರಿನ ಬಗ್ಗೆ ಚರ್ಚಿಸಿದೆವು’ ಎಂದರೂ ‘ನೀರಿನ ಬಗ್ಗೆ ಚರ್ಚೆ ನಡೆಯಿತು’ ಎಂದರೂ ‘ಬಗ್ಗೆ’ ಎಂಬ ಪದ ಅಲ್ಲಾಡದೆ ನಿಲ್ಲುತ್ತದೆ. ಕ್ರಿಯಾಪದವೋ ನಾಮಪದವೋ ಎಂಬುದನ್ನು ಅದು ಲೆಕ್ಕಿಸುವುದಿಲ್ಲ. ಇಂಗ್ಲಿಷಿನಲ್ಲಿ ಹಾಗಿಲ್ಲ. ‘ಡಿಸ್ಕಸ್’ ಎಂಬ ಕ್ರಿಯಾಪದವು ತನ್ನ ಕರ್ಮವನ್ನು ನೇರವಾಗಿ ಹಿಡಿಯುತ್ತದೆ, ಅಂದರೆ ನಮ್ಮ ದ್ವಿತೀಯಾ ವಿಭಕ್ತಿಯಂತೆ ‘ಕೊರತೆಯನ್ನು ಚರ್ಚಿಸಿದೆವು’ ಎಂಬ ರೀತಿಯಲ್ಲಿ. ಆದರೆ ಅದೇ ಪದ ‘ಡಿಸ್ಕಷನ್’ ಎಂಬ ನಾಮಪದವಾದ ಕೂಡಲೇ ಕರ್ಮವನ್ನು ನೇರವಾಗಿ ಹಿಡಿಯುವ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಆಗ ಅದಕ್ಕೆ ‘ಅಬೌಟ್’, ‘ಆನ್’ ಅಥವಾ ‘ಆಫ್’ ಎಂಬ ಊರುಗೋಲು, ಅಂದರೆ ಪ್ರಿಪೊಸಿಷನ್, ಬೇಕಾಗುತ್ತದೆ. ನಿಮ್ಮ ಎರಡನೆಯ ವಾಕ್ಯದ ತೊಂದರೆಯೂ ಇದೇ. ‘ಎ ರಿಕ್ವೆಸ್ಟ್ ಫಾರ್ ವಾಟರ್’ ಸರಿ, ಏಕೆಂದರೆ ಅಲ್ಲಿ ‘ರಿಕ್ವೆಸ್ಟ್’ ನಾಮಪದ. ಕ್ರಿಯಾಪದವಾದಾಗ ‘ವಿ ರಿಕ್ವೆಸ್ಟ್ ವಾಟರ್’ ಎನ್ನಬೇಕು, ಇಲ್ಲವೇ ‘ವಿ ರಿಕ್ವೆಸ್ಟ್ ಯು ಟು ರಿಲೀಸ್ ವಾಟರ್’ ಎನ್ನಬೇಕು.

ಈ ಒಂದು ಭೇದವನ್ನು ಹಿಡಿದುಕೊಂಡರೆ ನಮ್ಮ ಭಾಗದ ಬರವಣಿಗೆಯಲ್ಲಿ ನಾನು ಕಾಣುವ ತಪ್ಪುಗಳಲ್ಲಿ ದೊಡ್ಡ ಪಾಲು ತಾನಾಗಿಯೇ ಕಳಚುತ್ತದೆ. ‘ದೆ ಡಿಮ್ಯಾಂಡೆಡ್ ಕಾಂಪೆನ್ಸೇಷನ್’ ಎನ್ನುವಾಗ ನಡುವೆ ಏನೂ ಬೇಡ, ‘ದೇರ್ ಡಿಮ್ಯಾಂಡ್ ಫಾರ್ ಕಾಂಪೆನ್ಸೇಷನ್’ ಎನ್ನುವಾಗ ‘ಫಾರ್’ ಬೇಕು. ‘ಎಂಫಸೈಸ್’ ಒಂಟಿಯಾಗಿ ನಿಲ್ಲುತ್ತದೆ, ‘ಎಂಫಸಿಸ್’ಗೆ ‘ಆನ್’ ಬೇಕು. ‘ವಿ ಲ್ಯಾಕ್ ವಾಟರ್’ ಎಂದರೆ ಸಾಕು, ‘ಎ ಲ್ಯಾಕ್ ಆಫ್ ವಾಟರ್’ ಎಂದಾಗ ‘ಆಫ್’ ಬರುತ್ತದೆ. ‘ಆನ್ಸರ್ ದ ಕ್ವೆಶ್ಚನ್’ ಮತ್ತು ‘ದ ಆನ್ಸರ್ ಟು ದ ಕ್ವೆಶ್ಚನ್’, ‘ಎಂಟರ್ ದ ರೂಮ್’ ಮತ್ತು ‘ಎಂಟ್ರಿ ಇನ್‌ಟು ದ ರೂಮ್’, ‘ರಿಸೆಂಬಲ್ ಹಿಸ್ ಫಾದರ್’ ಮತ್ತು ‘ರಿಸೆಂಬ್ಲೆನ್ಸ್ ಟು ಹಿಸ್ ಫಾದರ್’ ಎಂಬ ಜೋಡಿಗಳಲ್ಲಿಯೂ ಇದೇ ನಡೆ ಇದೆ. ಎಲ್ಲ ಕ್ರಿಯಾಪದಗಳೂ ಹೀಗಿಲ್ಲ ಎಂಬುದನ್ನು ಮರೆಯಬಾರದು. ‘ಡಿಪೆಂಡ್’, ‘ಇನ್ಸಿಸ್ಟ್’ ಎಂಬ ಕ್ರಿಯಾಪದಗಳು ‘ಆನ್’ ಇಲ್ಲದೆ ನಾಮಪದವನ್ನು ಮುಟ್ಟುವುದೇ ಇಲ್ಲ.

ಮೂರನೆಯ ವಾಕ್ಯದಲ್ಲಿ ಕನ್ನಡವೇ ನಿಮಗೆ ನೆರವಾಗುತ್ತಿತ್ತು. ನಾವು ‘ಗೇಟಿನ ಹಾನಿ’ ಎನ್ನುವುದಕ್ಕಿಂತ ಹೆಚ್ಚಾಗಿ ‘ಗೇಟಿಗೆ ಆದ ಹಾನಿ’ ಎನ್ನುತ್ತೇವೆ. ಇಂಗ್ಲಿಷ್ ಕೂಡ ‘ಡ್ಯಾಮೇಜ್ ಟು ದ ಗೇಟ್’ ಎನ್ನುತ್ತದೆ. ಆದರೆ ಹರಿದುಹೋದ ನೀರನ್ನು ಕುರಿತು ಬರೆಯುವಾಗ ‘ಲಾಸ್ ಆಫ್ ವಾಟರ್’ ಎಂದೇ ಬರೆಯಬೇಕು. ಪಕ್ಕದಲ್ಲಿಯೇ ಇನ್ನೊಂದು ತೊಡಕಿದೆ: ಕನ್ನಡದ ‘ಕಾರಣ’ಕ್ಕೆ ಇಂಗ್ಲಿಷಿನಲ್ಲಿ ‘ಕಾಸ್’ ಮತ್ತು ‘ರೀಸನ್’ ಎಂಬ ಎರಡು ಪದಗಳಿದ್ದು, ಮೊದಲನೆಯದು ‘ಆಫ್’ ಅನ್ನೂ ಎರಡನೆಯದು ‘ಫಾರ್’ ಅನ್ನೂ ಬೇಡುತ್ತವೆ. ‘ರೀಸನ್ ಆಫ್ ದ ಡ್ಯಾಮೇಜ್’ ಎಂದು ಬರೆದ ಅರ್ಜಿಗಳನ್ನು ನಾನು ಬಹಳ ತಿದ್ದಿದ್ದೇನೆ.

ಕೊನೆಯ ವಾಕ್ಯದ ‘ಟು’ ಮೋಸಗೊಳಿಸುತ್ತದೆ. ‘ಐ ವಾಂಟ್ ಟು ಹಿಯರ್’ ಎಂಬಲ್ಲಿರುವ ‘ಟು’ ಬೇರೆ, ‘ಲುಕ್ ಫಾರ್ವರ್ಡ್ ಟು’ ಎಂಬಲ್ಲಿರುವ ‘ಟು’ ಬೇರೆ. ಎರಡನೆಯದು ಪ್ರಿಪೊಸಿಷನ್, ಅದರ ಮುಂದೆ ನಾಮಪದವಾಗಲಿ ನಾಮಪದದಂತೆ ನಡೆದುಕೊಳ್ಳುವ ‘ಹಿಯರಿಂಗ್’ ಎಂಬ ರೂಪವಾಗಲಿ ಬರಬೇಕು. ಗುರುತಿಸುವ ಉಪಾಯ ಸರಳವಾಗಿದೆ: ‘ಟು’ ಆದ ಮೇಲೆ ‘ಯುವರ್ ರಿಪ್ಲೈ’ ಎಂದು ಇಟ್ಟು ನೋಡಿ. ವಾಕ್ಯ ಕೂಡಿಬಂದರೆ ಅದು ಪ್ರಿಪೊಸಿಷನ್. ‘ಅಕಸ್ಟಮ್ಡ್ ಟು’ ಮತ್ತು ‘ಆಬ್ಜೆಕ್ಟ್ ಟು’ ಎಂಬವೂ ಇದೇ ಬಗೆಯವು.

ಪ್ರಶ್ನೆ (ಕೊಪ್ಪಳದ ಪದವೀಧರೆ, ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವವರು): ಮೇಡಂ, ಗುಣವಾಚಕಗಳ ಮುಂದೆ ನಾನು ಪ್ರತಿಸಲ ಎಡವುತ್ತೇನೆ. ‘ಗುಡ್ ಇನ್ ಮ್ಯಾಥ್ಸ್’, ‘ಆಂಗ್ರಿ ಆನ್ ಮಿ’, ‘ಮ್ಯಾರೀಡ್ ವಿತ್’, ‘ಸೀನಿಯರ್ ದ್ಯಾನ್ ಮಿ’ ಎಂದು ಬರೆದು ಅಂಕ ಕಳೆದುಕೊಂಡಿದ್ದೇನೆ. ಇವಕ್ಕೆ ನಿಯಮವಿದೆಯೇ, ಅಥವಾ ಎಲ್ಲವನ್ನೂ ಬಾಯಿಪಾಠ ಮಾಡಬೇಕೇ?

ಉತ್ತರ: ತಂಗಿ, ಸ್ವಲ್ಪ ನಿಯಮವಿದೆ, ಉಳಿದದ್ದು ರೂಢಿ. ನಿಮ್ಮ ಮೊದಲ ಮೂರು ತಪ್ಪುಗಳ ಅಡಿಯಲ್ಲಿ ‘ಗಣಿತದಲ್ಲಿ ಜಾಣೆ’, ‘ನನ್ನ ಮೇಲೆ ಸಿಟ್ಟು’, ‘ಅವರ ಜೊತೆ ಮದುವೆ’ ಎಂಬ ಕನ್ನಡದ ಮಾತುಗಳು ಇದ್ದಂತೆಯೇ ಇವೆ. ಇಂಗ್ಲಿಷಿನಲ್ಲಿ ‘ಗುಡ್ ಅಟ್ ಮ್ಯಾಥ್ಸ್’, ‘ಆಂಗ್ರಿ ವಿತ್ ಮಿ’, ‘ಮ್ಯಾರೀಡ್ ಟು’ ಎನ್ನಬೇಕು. ಸಿಟ್ಟಿನ ವಿಷಯದಲ್ಲಿ ಇನ್ನೊಂದು ಮಾತಿದೆ: ಸಿಟ್ಟು ವ್ಯಕ್ತಿಯ ಮೇಲಾದರೆ ‘ವಿತ್’, ಸಂಗತಿಯ ಬಗ್ಗೆಯಾದರೆ ‘ಅಬೌಟ್’. ಅಮೆರಿಕದವರು ವ್ಯಕ್ತಿಗೂ ‘ಅಟ್’ ಬಳಸುವುದುಂಟು.

ನಾಲ್ಕನೆಯದಕ್ಕೆ ಒಳ್ಳೆಯ ಕಾರಣವಿದೆ. ‘ಸೀನಿಯರ್’, ‘ಜೂನಿಯರ್’, ‘ಸುಪೀರಿಯರ್’, ‘ಇನ್ಫೀರಿಯರ್’ ಎಂಬ ಪದಗಳು ಲ್ಯಾಟಿನ್ ಭಾಷೆಯ ತರತಮ ರೂಪಗಳು. ಹೋಲಿಕೆಯ ಅರ್ಥ ಅವುಗಳ ಹೊಟ್ಟೆಯಲ್ಲಿಯೇ ಇದೆ. ‘ದ್ಯಾನ್’ ಎಂಬುದು ‘ಬಿಗ್ಗರ್’, ‘ಟಾಲರ್’ ಮುಂತಾದ ಇಂಗ್ಲಿಷ್ ತರತಮ ರೂಪಗಳ ಸಂಗಾತಿ. ಲ್ಯಾಟಿನ್ನಿನಿಂದ ಬಂದ ಇವು ‘ಟು’ ಜೊತೆ ನಡೆಯುತ್ತವೆ. ‘ಪ್ರಿಫರ್ ಟೀ ಟು ಕಾಫಿ’ ಎಂಬುದನ್ನೂ ಇವುಗಳ ಜೊತೆಗೇ ಇಟ್ಟುಕೊಳ್ಳಿ.

ಲ್ಯಾಟಿನ್ ಉಪಸರ್ಗಗಳು ಇನ್ನೂ ಕೆಲವು ಕಡೆ ದಾರಿ ತೋರಿಸುತ್ತವೆ. ‘ಕಾನ್’, ‘ಕೊ’ ಎಂದರೆ ಕೂಡಿ ಎಂದರ್ಥ, ಆದ್ದರಿಂದ ‘ಕೊಲ್ಯಾಬೊರೇಟ್ ವಿತ್’, ‘ಕೊಇನ್ಸೈಡ್ ವಿತ್’. ‘ಎಕ್ಸ್’ ಎಂದರೆ ಹೊರಗೆ, ಆದ್ದರಿಂದ ‘ಎಕ್ಸ್‌ಕ್ಲೂಡ್ ಫ್ರಮ್’, ‘ಎಕ್ಸೆಂಪ್ಟ್ ಫ್ರಮ್’. ‘ಆ್ಯಡ್’ ಎಂದರೆ ಕಡೆಗೆ, ಆದ್ದರಿಂದ ‘ಅಡ್ಹಿಯರ್ ಟು’, ‘ಅಡಾಪ್ಟ್ ಟು’. ಇದನ್ನು ನಂಬಿ ಕಣ್ಣುಮುಚ್ಚಿ ನಡೆಯುವಂತಿಲ್ಲ. ‘ಕನ್ಸಿಸ್ಟ್’ಗೆ ‘ಆಫ್’ ಬೇಕು, ‘ಕಂಗ್ರಾಚುಲೇಟ್’ಗೆ ‘ಆನ್’ ಬೇಕು. ‘ಡಿಪೆಂಡ್’ ಪದದ ಮೂಲಾರ್ಥ ಮೇಲಿನಿಂದ ಕೆಳಗೆ ಜೋತುಬೀಳುವುದು, ಆ ಲೆಕ್ಕದಲ್ಲಿ ‘ಫ್ರಮ್’ ಬರಬೇಕಿತ್ತು, ಆದರೆ ಬಂದದ್ದು ‘ಆನ್’. ‘ಡಿಪೆಂಡೆಂಟ್ ಆನ್’ ಎನ್ನುವ ಇಂಗ್ಲಿಷ್ ‘ಇಂಡಿಪೆಂಡೆಂಟ್’ಗೆ ‘ಆಫ್’ ಕೊಟ್ಟಿದೆ.

ಬಾಯಿಪಾಠ ಮಾಡಬೇಕಾದದ್ದು ಉಳಿದೇ ಉಳಿಯುತ್ತದೆ, ಆದರೆ ಒಂಟಿ ಪದಗಳ ಪಟ್ಟಿಯನ್ನು ಬರೆಯಬೇಡಿ. ಒಂದು ಮೂಲದಿಂದ ಹುಟ್ಟಿದ ಪದಗಳನ್ನೆಲ್ಲ ನಿಮ್ಮ ಊರಿನ ಒಂದೇ ಸಂಗತಿಯ ಸುತ್ತ ವಾಕ್ಯಗಳಾಗಿ ಬರೆಯಿರಿ. ಕಿನ್ನಾಳದ ಗೊಂಬೆಗಳನ್ನೇ ತೆಗೆದುಕೊಳ್ಳಿ: ‘ವಿ ಆರ್ ಪ್ರೌಡ್ ಆಫ್ ದ ಟಾಯ್ಸ್’, ‘ವಿ ಟೇಕ್ ಪ್ರೈಡ್ ಇನ್ ದ ಟಾಯ್ಸ್’, ‘ವಿ ಪ್ರೈಡ್ ಅವರ್‌ಸೆಲ್ವ್ಸ್ ಆನ್ ದ ಟಾಯ್ಸ್’. ಗುಣವಾಚಕಕ್ಕೆ ಒಂದು, ನಾಮಪದಕ್ಕೆ ಒಂದು, ಕ್ರಿಯಾಪದಕ್ಕೆ ಇನ್ನೊಂದು. ಮೂರನ್ನೂ ಗಟ್ಟಿಯಾಗಿ ಓದಿದರೆ ಕಿವಿಗೆ ಅಭ್ಯಾಸವಾಗುತ್ತದೆ. ಭಾಷೆ ಕಲಿಯುವವರಿಗಾಗಿಯೇ ಮಾಡಿದ ಇಂಗ್ಲಿಷ್ ನಿಘಂಟುಗಳಲ್ಲಿ ಪ್ರತಿ ಪದದ ಬಳಿ ಅದರ ಪ್ರಿಪೊಸಿಷನ್ ಅನ್ನು ದಪ್ಪ ಅಕ್ಷರದಲ್ಲಿ ಕೊಟ್ಟಿರುತ್ತಾರೆ. ಇಂಗ್ಲಿಷ್-ಕನ್ನಡ ಕಿರುನಿಘಂಟು ಅರ್ಥ ಹೇಳಿ ಸುಮ್ಮನಾಗುತ್ತದೆ, ಆದ್ದರಿಂದ ಈ ಕೆಲಸಕ್ಕೆ ಅದು ಸಾಲದು.

ಪ್ರಶ್ನೆ (ಬಳ್ಳಾರಿಯ ಜೀನ್ಸ್ ಘಟಕವೊಂದರ ವ್ಯವಹಾರ ನೋಡಿಕೊಳ್ಳುವವರು): ಮೇಡಂ, ‘ಡಿಸ್ಕಸ್ ಅಬೌಟ್’ ಎಂದು ನಮ್ಮಲ್ಲಿ ಎಲ್ಲರೂ ಹೇಳುತ್ತಾರೆ, ಎಲ್ಲರಿಗೂ ಅರ್ಥವಾಗುತ್ತದೆ. ಅದು ಭಾರತದ ಇಂಗ್ಲಿಷ್ ಎಂದು ಒಪ್ಪಿಕೊಂಡರೆ ಆಗದೇ? ಇನ್ನೊಂದು ಪ್ರಶ್ನೆ: ಹೊರರಾಜ್ಯದ ಖರೀದಿದಾರರಿಗೆ ಬರೆಯುವಾಗ ‘ಅಗ್ರೀ’ ಪದದ ಮುಂದೆ ಏನು ಹಾಕಬೇಕು?

ಉತ್ತರ: ನಿಮ್ಮ ಮಾತಿನಲ್ಲಿ ನ್ಯಾಯವಿದೆ. ಆ ಬಳಕೆ ಭಾರತದಲ್ಲಿ ಮಾತ್ರವಲ್ಲ, ಪಶ್ಚಿಮ ಆಫ್ರಿಕಾದ ಇಂಗ್ಲಿಷಿನಲ್ಲಿಯೂ ಕೇಳಿಬರುತ್ತದೆ. ಮಾತಿನಲ್ಲಿ ಯಾರಾದರೂ ಹಾಗೆಂದರೆ ತಿದ್ದಿ ಅವರನ್ನು ನಾಚಿಸುವುದು ನನಗೆ ಒಪ್ಪಿಗೆಯಿಲ್ಲ. ಹಾಗೆ ನಾಲ್ಕು ಜನರೆದುರು ತಿದ್ದಿಸಿಕೊಂಡ ಮೇಲೆ ಇಂಗ್ಲಿಷಿನಲ್ಲಿ ಬಾಯಿ ತೆರೆಯುವುದನ್ನೇ ಬಿಟ್ಟ ಮಕ್ಕಳನ್ನು ನಾನು ತರಗತಿಯಲ್ಲಿ ಕಂಡಿದ್ದೇನೆ. ಆದರೆ ಪರೀಕ್ಷೆಯಲ್ಲಿ ಅದಕ್ಕೆ ಅಂಕವಿಲ್ಲ. ಪತ್ರದಲ್ಲಿ, ಓದುವವರು ಬರೆದವರನ್ನು ಅದರಿಂದಲೇ ಅಳೆಯುತ್ತಾರೆ. ಆದ್ದರಿಂದ ಬರೆಯುವಾಗ ಬಿಟ್ಟುಬಿಡಿ. ‘ಕೋಪ್ ಅಪ್ ವಿತ್’ ಎಂಬುದರಲ್ಲಿರುವ ‘ಅಪ್’ ಅನ್ನೂ ಹಾಗೆಯೇ ತೆಗೆಯಿರಿ.

‘ಅಗ್ರೀ’ ಪದದ ವಿಷಯದಲ್ಲಿ ಎಚ್ಚರ ಬೇಕು, ಏಕೆಂದರೆ ಅಲ್ಲಿ ಪ್ರಿಪೊಸಿಷನ್ ಬದಲಾದರೆ ವ್ಯವಹಾರದ ಅರ್ಥವೇ ಬದಲಾಗುತ್ತದೆ. ‘ವಿ ಅಗ್ರೀ ವಿತ್ ಯು’ ಎಂದರೆ ನಿಮ್ಮ ಅಭಿಪ್ರಾಯವೇ ನಮ್ಮದೂ ಎಂದಷ್ಟೇ. ‘ವಿ ಅಗ್ರೀ ಟು ಯುವರ್ ಟರ್ಮ್ಸ್’ ಎಂದರೆ ನೀವು ಮುಂದಿಟ್ಟ ಷರತ್ತುಗಳಿಗೆ ಒಪ್ಪಿಗೆ ಕೊಟ್ಟೆವು ಎಂದು. ‘ವಿ ಅಗ್ರೀಡ್ ಆನ್ ದ ಪ್ರೈಸ್’ ಎಂದರೆ ಇಬ್ಬರೂ ಮಾತಾಡಿ ದರ ಕುದುರಿಸಿಕೊಂಡೆವು ಎಂದು. ಖರೀದಿದಾರರ ವಾದ ಸರಿ ಎನ್ನಲು ಹೊರಟು ‘ಟು’ ಬರೆದರೆ ಅವರ ಷರತ್ತಿಗೆ ತಲೆಬಾಗಿದಂತಾಗುತ್ತದೆ.

ಸಿಂಧನೂರಿನ ಶಿಕ್ಷಕರು ಮತ್ತೆ: ಮನವಿಯನ್ನು ತಿದ್ದಿದ್ದೇನೆ ಮೇಡಂ. ಕೊನೆಗೆ ‘ವಿ ವಿಲ್ ಬಿ ಗ್ರೇಟ್‌ಫುಲ್ ಫಾರ್ ಯು’ ಎಂಬ ಒಂದು ಸಾಲು ಸೇರಿಸಿದೆ. ಸರಿಯೇ?

ಉತ್ತರ: ವ್ಯಕ್ತಿಗೆ ‘ಟು’, ಉಪಕಾರಕ್ಕೆ ‘ಫಾರ್’ ಬರಬೇಕು ಗುರುಗಳೇ. ‘ವಿ ವಿಲ್ ಬಿ ಗ್ರೇಟ್‌ಫುಲ್ ಟು ಯು ಫಾರ್ ದ ವಾಟರ್’ ಎಂದು ಬರೆದು ಕಳುಹಿಸಿಬಿಡಿ.